ಕೆಂಪು ಚುಕ್ಕೆಯ ತೂಕ

ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ರಸ್ತೆಯಲ್ಲಿ ಚಿಕ್ಕಸ್ವಾಮಿಯ ವೇ ಬ್ರಿಜ್ಜು ಇದೆ. ನೆಲದ ಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಲಗೆ, ಪಕ್ಕದಲ್ಲಿ ದೊಡ್ಡ ಕಿಟಕಿಯ ಒಂದು ಕೋಣೆ, ಕೋಣೆಯ ಮುಂದೆ ಒಂದು ಹೊಂಗೆಮರ. ಕಬ್ಬಿನ ಲಾರಿಯೋ ತೆಂಗಿನಕಾಯಿ ಗಾಡಿಯೋ ಭತ್ತದ ಮೂಟೆ ಹೇರಿದ ಟ್ರಾಕ್ಟರೋ ಹಲಗೆಯ ಮೇಲೆ ಬಂದು ನಿಂತರೆ ಕೋಣೆಯೊಳಗಿನ ಪೆಟ್ಟಿಗೆಯಲ್ಲಿ ತೂಕದ ಅಂಕಿ ಮೂಡುತ್ತದೆ. ಆ ಅಂಕಿಯನ್ನು ಚೀಟಿಗೆ ಇಳಿಸಿ ಕೊಡುವುದು ಸಿಂಧಘಟ್ಟದ ತಿಮ್ಮರಾಜುವಿನ ಕೆಲಸ. ಮೂವತ್ತಮೂರು ವರ್ಷದಿಂದ ಅವನು ಮಾಡಿಕೊಂಡು ಬಂದಿದ್ದು ಅದೊಂದೇ ಕೆಲಸ.

ಆದರೆ ಆ ಸುತ್ತಿನ ಡ್ರೈವರುಗಳಿಗೆ ತಿಮ್ಮರಾಜು ಬರೀ ಚೀಟಿ ಕೊಡುವವನಲ್ಲ. ಅಂಕಿ ಮೂಡುವ ಮೊದಲೇ, ಕಿಟಕಿಯಲ್ಲಿ ಒಂದು ಕಣ್ಣು ಹಾಯಿಸಿ, ಅವನು ತೂಕ ಹೇಳಿಬಿಡುತ್ತಿದ್ದ. ಟೈರು ಎಷ್ಟು ಕುಗ್ಗಿದೆ, ಕಬ್ಬು ಕಡಿದು ಎಷ್ಟು ದಿನವಾಗಿದೆ, ಸೋಗೆ ಎಷ್ಟು ಉಳಿದಿದೆ, ಇಂಜಿನ್ನು ಯಾವ ಸದ್ದು ಮಾಡಿಕೊಂಡು ಹಲಗೆ ಹತ್ತಿತು, ಇವೆಲ್ಲ ಅವನ ತಲೆಯೊಳಗೆ ಎಲ್ಲೋ ಕೂಡಿಕೊಂಡು ಬಾಯಿಂದ ಒಂದು ಅಂಕಿ ಹೊರಬೀಳುತ್ತಿತ್ತು. ನೂರು ಕೆ.ಜಿ.ಗಿಂತ ಹೆಚ್ಚು ತಪ್ಪಿದ್ದು ಕಡಿಮೆ.

ಹಾಗೆ ತಪ್ಪಿದ ಒಂದು ದಿನದ ಕಥೆಯನ್ನು ಅವನೇ ನಗುನಗುತ್ತಾ ಹೇಳುತ್ತಾನೆ. ಚಿನಕುರಳಿ ಕಡೆಯಿಂದ ಒಂದು ಟ್ರೈಲರು ಬಂತು. ಕಣ್ಣಿಗೆ ಸರಿಯಾಗಿ ಒಂಬತ್ತು ಟನ್ನು ಕಬ್ಬು. ಪೆಟ್ಟಿಗೆ ಒಂಬತ್ತೂವರೆ ಅಂದಿತು. ಬೇರೆಯವರಾಗಿದ್ದರೆ ಚೀಟಿ ಹರಿದು ಕೊಟ್ಟು ಮುಂದಿನ ಗಾಡಿ ಕರೆಯುತ್ತಿದ್ದರು. ತಿಮ್ಮರಾಜು ಚೀಟಿ ಕೊಡಲಿಲ್ಲ. ಕೋಣೆಯಿಂದ ಇಳಿದು ಟ್ರೈಲರಿನ ಸುತ್ತ ಒಂದು ಸುತ್ತು ಬಂದ. ಏನೂ ಕಾಣಲಿಲ್ಲ. ಚಕ್ರದ ಮೇಲೆ ಕಾಲಿಟ್ಟು ಹತ್ತಿ ನೋಡಿದರೆ, ಕಬ್ಬಿನ ರಾಶಿಯ ಮೇಲೆ, ಕೆಳಗಿನವರಿಗೆ ಕಾಣದ ಹಾಗೆ, ನಾಟಿ ಕೆಲಸ ಮುಗಿಸಿ ಬರುತ್ತಿದ್ದ ಒಂಬತ್ತು ಜನ ಹೆಂಗಸರು ಸೆರಗು ಮುಖಕ್ಕೆ ಹಾಕಿಕೊಂಡು ಸಾಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದರು!

"ಎದ್ದೇಳ್ರವ್ವ, ನಿಮ್ಮನ್ನೂ ಕಬ್ಬಂತ ಬರ್ಕೊಬುಡ್ಲಾ?" ಅಂದ ತಿಮ್ಮರಾಜು.

"ಬರ್ಕೊಳಣ್ಣ, ನಾವೇನ್ ಸಿಹಿ ಇಲ್ವಾ?" ಅಂದಳು ಅವರಲ್ಲೊಬ್ಬಳು, ಕಣ್ಣು ಉಜ್ಜಿಕೊಳ್ಳುತ್ತಾ.

ಇಂಥ ಕಣ್ಣಿಗೇ ಅರವತ್ತೊಂದನೇ ವಯಸ್ಸಿನಲ್ಲಿ ಪೊರೆ ಬಂತು. ಲಾರಿಗಳೆಲ್ಲ ಮಂಜಿನೊಳಗಿಂದ ಬಂದಂತೆ ಕಾಣತೊಡಗಿದವು. ಅಂದಾಜು ಮುನ್ನೂರು, ನಾನೂರು ಕೆ.ಜಿ. ತಪ್ಪಿದಾಗ ಡ್ರೈವರುಗಳು ನಕ್ಕರು; ಅವನಿಗೆ ನಗು ಬರಲಿಲ್ಲ. ಮಗ ಶಿವಶಂಕರ್ ಹಸುಗಳ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಅಪ್ಪನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ಎರಡು ಕಣ್ಣಿಗೂ ಒಂದಾದಮೇಲೊಂದು ಆಪರೇಷನ್ ಮಾಡಿಸಿದ. ಪಟ್ಟಿ ಬಿಚ್ಚಿದ ದಿನ ತಿಮ್ಮರಾಜು ಮೊದಲು ನೋಡಿದ್ದು ಹೆಂಡತಿ ಮಾಯಮ್ಮ ಉಟ್ಟಿದ್ದ ಸೀರೆಯನ್ನು.

"ಈ ಸೀರೆ ನೀಲಿ ಬಣ್ಣದ್ದಾ?"

"ನಾಕು ವರ್ಸದಿಂದ ಉಟ್ಕತಾ ಇವ್ನಿ. ಏನನ್ಕೊಂಡಿದ್ದೆ?"

"ಬೂದಿ ಬಣ್ಣ ಅನ್ಕೊಂಡಿದ್ದೆ ಕಣೆ."

ಜಗತ್ತು ಹೊಸದಾಗಿ ಬಣ್ಣ ಬಳಿಸಿಕೊಂಡು ನಿಂತಿತ್ತು. ಆದರೆ ಡಾಕ್ಟರು ಒಂದು ತಿಂಗಳು ದೂಳಿಗೆ ಹೋಗಬಾರದು ಅಂದರು. ವೇ ಬ್ರಿಜ್ಜು ಅಂದರೆ ದೂಳು. ಗದ್ದೆಯೂ ದೂಳು, ಕೊಟ್ಟಿಗೆಯೂ ದೂಳು. ತಿಮ್ಮರಾಜು ನಡುಮನೆಯಲ್ಲಿ ಕೂತು ಗೋಡೆಯ ಮೇಲಿನ ಹಲ್ಲಿಯ ತೂಕ ಅಂದಾಜು ಮಾಡುವ ಸ್ಥಿತಿಗೆ ಬಂದ. ನಾಲ್ಕನೇ ದಿನಕ್ಕೆ ಮಾಯಮ್ಮ ಸೊಸೆಗೆ ಹೇಳಿದಳು: "ಏನಾರ ಕೆಲಸ ಕೊಡವ್ವ ನಿಮ್ಮಾವಂಗೆ. ಇಲ್ಲಾಂದ್ರೆ ಸಾರಿಗೆ ಎಷ್ಟು ಉಪ್ಪಾಕ್ದೆ ಅಂತ ನನ್ನ ತಲೆ ತಿಂತದೆ."

ಸೊಸೆ ರಂಜಿತ ಪಾಂಡವಪುರದ ಒಂದು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಬಿಡುವಾದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಒಂದು ಕೆಲಸ ಮಾಡುತ್ತಿದ್ದಳು. ಬಾಹ್ಯಾಕಾಶದಲ್ಲಿರುವ ದೊಡ್ಡ ದೂರದರ್ಶಕ ಆಕಾಶದ ಚಿತ್ರ ತೆಗೆದು ಕಳಿಸುತ್ತದೆ. ಒಂದೊಂದು ಚಿತ್ರದಲ್ಲೂ ಸಾವಿರಾರು ಗ್ಯಾಲಕ್ಸಿ. ಒಂದೊಂದರ ಆಕಾರವನ್ನೂ ನೋಡಿ ಗುರುತು ಹಾಕಲು ವಿಜ್ಞಾನಿಗಳು ಸಾಲುವುದಿಲ್ಲ, ಕಂಪ್ಯೂಟರು ಎಡವುತ್ತದೆ. ಹಾಗಾಗಿ ಆಸಕ್ತಿ ಇರುವ ಯಾರಾದರೂ ಮನೆಯಲ್ಲಿ ಕೂತು ಆ ಕೆಲಸಕ್ಕೆ ಕೈಹಾಕಬಹುದು. ಓದು ಬೇಕಿಲ್ಲ, ಕಣ್ಣು ಬೇಕು.

ಒಂದು ಭಾನುವಾರ ಬೆಳಿಗ್ಗೆ ರಂಜಿತ ಮಾವನ ಮುಂದೆ ಲ್ಯಾಪ್‌ಟಾಪ್ ಇಟ್ಟಳು.

"ಮಾವ, ಇದನ್ನ ನೋಡಿ. ಇದೊಂದು ಗ್ಯಾಲಕ್ಸಿ. ನಮ್ಮ ಸೂರ್ಯನಂಥ ಸೂರ್ಯರು ಕೋಟಿಗಟ್ಟಲೆ ಒಂದೇ ಕಡೆ ಸೇರ್ಕೊಂಡಿರೋದು. ದುಂಡಗಿದೆಯಾ, ತಟ್ಟೆ ಥರ ಇದೆಯಾ, ಒಂದೇನಾ, ಎರಡು ಅಂಟ್ಕೊಂಡಿದ್ದಾವಾ, ಅಷ್ಟು ಹೇಳಿದ್ರೆ ಸಾಕು."

ತಿಮ್ಮರಾಜು ಮೂತಿ ಮುಂದೆ ಮಾಡಿ ನೋಡಿದ. "ತಟ್ಟೆ. ಆದ್ರೆ ಓರೆಯಾಗಿ ನಿಂತದೆ. ಬಲಗಡೆ ಇನ್ನೊಂದು ಸಣ್ಣದು ಬಂದು ಗುದ್ದೈತೆ."

ರಂಜಿತ ಬಗ್ಗಿ ನೋಡಿದಳು. ಅವಳಿಗೆ ಆ ಸಣ್ಣದು ಕಂಡಿರಲೇ ಇಲ್ಲ.

ಅಂದು ನಲವತ್ತು ಗ್ಯಾಲಕ್ಸಿ ಆಯಿತು. ಮರುದಿನ ನೂರಿಪ್ಪತ್ತು. ಅಷ್ಟು ಹೊತ್ತು ಒಂದೇ ಸಮ ಪರದೆ ನೋಡಬೇಡಿ ಎಂದು ಸೊಸೆ ಗದರಿಸಿದ ಮೇಲೆ ಗಂಟೆಗೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದ. ರಂಜಿತ ಕಾಲೇಜಿನಿಂದ ಬರುವ ಹೊತ್ತಿಗೆ ಅವನ ಹತ್ತಿರ ಪ್ರಶ್ನೆಗಳ ಒಂದು ಕಂತೆಯೇ ಇರುತ್ತಿತ್ತು. ಇವೆಲ್ಲ ಎಷ್ಟು ದೂರ? ಈಗಲೂ ಹೀಗೇ ಇವೆಯಾ?

"ಇಲ್ಲ ಮಾವ. ಗೊರೂರು ಡ್ಯಾಮಲ್ಲಿ ಗೇಟು ಎತ್ತಿದ್ರೆ ನಮ್ಮ ನಾಲೆಗೆ ನೀರು ಬರೋಕೆ ದಿನಗಟ್ಟಲೆ ಆಗುತ್ತಲ್ಲ? ನಾವು ಇವತ್ತು ನೋಡ್ತಿರೋದು ಅವತ್ತು ಬಿಟ್ಟ ನೀರು. ಬೆಳಕೂ ಹಂಗೇ. ಈ ಕೆಂಪು ಚುಕ್ಕೆ ನೋಡಿ. ಇದರ ಬೆಳಕು ಹೊರಟು ಸಾವಿರದ ಮುನ್ನೂರು ಕೋಟಿ ವರ್ಷ ಆಗಿದೆ. ಇಡೀ ವಿಶ್ವಕ್ಕೇ ಈಗ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ. ಅಂದ್ರೆ ಆಗ ವಿಶ್ವ ಇನ್ನೂ ಎಳೇದು."

ತಿಮ್ಮರಾಜು ಬೆರಳು ಮಡಿಸಿ ಲೆಕ್ಕ ಹಾಕಿದ. "ಎಪ್ಪತ್ತು, ಎಂಬತ್ತು ಕೋಟಿ ವರ್ಸದ ಕೂಸು."

"ಹೌದು. ಇದರ ತೂಕ ಎಷ್ಟು ಗೊತ್ತಾ? ಚಿತ್ರದ ಜೊತೆಗಿರೋ ಪಟ್ಟಿಯಲ್ಲಿ ಹಾಕಿದ್ದಾರೆ. ಹತ್ತು ಸಾವಿರ ಕೋಟಿ ಸೂರ್ಯರಷ್ಟು."

ತೂಕ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಿಮ್ಮರಾಜು ನೆಟ್ಟಗೆ ಕೂತ. ಅಲ್ಲಿಯವರೆಗೆ ಅದು ಚಿತ್ರ ನೋಡುವ ಆಟವಾಗಿತ್ತು. ಈಗ ಅದು ಅವನ ಕೆಲಸವಾಯಿತು.

"ನಮ್ಮ ಗ್ಯಾಲಕ್ಸಿ? ನಾವಿರದು?"

"ಐದಾರು ಸಾವಿರ ಕೋಟಿ ಸೂರ್ಯರಷ್ಟು ನಕ್ಷತ್ರ ಇರಬಹುದು ಅಂತಾರೆ."

"ನಾವು ಇಷ್ಟು ದಪ್ಪ ಆಗಕ್ಕೆ ಸಾವ್ರದ ಮುನ್ನೂರು ಕೋಟಿ ವರ್ಸ ಬೇಕಾಯ್ತು. ಅದು ಕಣ್ಣು ಬುಡೋದ್ರೊಳಗೆ ನಮ್ಮೆರಡರಷ್ಟು ಆಗೋಯ್ತಾ? ಗಾತ್ರ ನೋಡುದ್ರೆ ಗುಲಗಂಜಿಯಂಗದೆ." ಅವನು ತಲೆ ಅಲ್ಲಾಡಿಸಿದ. "ಸುಳ್ಳು ಕಣವ್ವ. ಯಾರು ತೂಕ್ಕಾಕ್ದೋರು?"

ರಂಜಿತ ನಕ್ಕಳು. "ತೂಕಕ್ಕೆ ಹಾಕೋಕೆ ಆಗುತ್ತಾ ಮಾವ? ಎಷ್ಟು ಬೆಳಕು ಬರ್ತಿದೆ, ಯಾವ ಯಾವ ಬಣ್ಣದಲ್ಲಿ ಬರ್ತಿದೆ ಅಂತ ಅಳೀತಾರೆ. ಅಷ್ಟು ಬೆಳಕು ಕೊಡೋಕೆ ಎಷ್ಟು ನಕ್ಷತ್ರ ಬೇಕು ಅಂತ ಲೆಕ್ಕ ಹಾಕ್ತಾರೆ."

"ಅಂದ್ರೆ ನನ್ನಂಗೇ. ಕಿಟಕೀಲಿ ಕೂತ್ಕೊಂಡು ಅಂದಾಜು."

"ಒಂಥರ ಹಂಗೇ."

"ಆಮೇಲೆ ಲಾರಿ ಸುತ್ತ ಯಾರು ಬಂದ್ರು?"

ರಂಜಿತ ತಾನು ಓದಿದ್ದನ್ನು ನೆನಪಿಸಿಕೊಂಡು ಹೇಳಿದಳು: ಈ ದೂರದರ್ಶಕ ಚಿತ್ರ ಕಳಿಸಲು ಶುರುಮಾಡಿದಾಗಿನಿಂದ ವಿಜ್ಞಾನಿಗಳಿಗೂ ಇದೇ ತಲೆನೋವು. ಇಷ್ಟು ಬೇಗ ಇಷ್ಟು ಭಾರದ ಗ್ಯಾಲಕ್ಸಿಗಳು ಇರಬಾರದಿತ್ತು. ಕೆಲವರು ಅಳತೆ ತಪ್ಪಿರಬೇಕು ಅಂತಾರೆ, ಕೆಲವರು ನಮ್ಮ ತಿಳಿವಳಿಕೆಯೇ ತಪ್ಪಿರಬೇಕು ಅಂತಾರೆ.

ಆ ವಾರವೆಲ್ಲ ತಿಮ್ಮರಾಜು ಕೆಂಪು ಚುಕ್ಕೆಗಳನ್ನೇ ಹುಡುಕಿದ. ಸೊಸೆಯಿಂದ ಪಟ್ಟಿಯಲ್ಲಿ ತೂಕ ಓದಿಸಿದ. ಕೊನೆಗೆ ಮೂರನ್ನು ಆರಿಸಿಕೊಂಡು, "ಇವು ಮೂರೂ ಸರಿಯಿಲ್ಲ, ಕಾಗದ ಬರಿ" ಅಂದ. ಆ ಕೆಲಸದ ಪುಟದಲ್ಲೇ ವಿಜ್ಞಾನಿಗಳನ್ನು ಪ್ರಶ್ನೆ ಕೇಳಲು ಒಂದು ಜಾಗ ಇತ್ತು. ಮಾವ ಹೇಳಿದ್ದನ್ನು ರಂಜಿತ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಹಾಕಿದಳು:

"ಮಾನ್ಯರೇ, ನಾನು ಸಿಂಧಘಟ್ಟದ ತಿಮ್ಮರಾಜು. ವೇ ಬ್ರಿಜ್ಜಿನಲ್ಲಿ ಕೆಲಸ. ನೀವು ಕೊಟ್ಟಿರುವ ಮೂರು ಕೆಂಪು ಗ್ಯಾಲಕ್ಸಿಗಳ ತೂಕ ನೋಡಿದೆ. ಮೂರೂ ತಪ್ಪು ಎಂದು ನನ್ನ ಅನಿಸಿಕೆ. ಗಾತ್ರ ಚಿಕ್ಕದು, ವಯಸ್ಸು ಚಿಕ್ಕದು, ತೂಕ ಮಾತ್ರ ದೊಡ್ಡದು. ಬೆಳಕೆಲ್ಲ ನಕ್ಷತ್ರದ್ದೇ ಎಂದು ಯಾರು ನೋಡಿ ಬಂದರು? ಲೋಡಿನ ಮೇಲೆ ಬೇರೆ ಯಾರಾದರೂ ಕೂತಿದ್ದರೆ? ದಯವಿಟ್ಟು ಸುತ್ತ ಒಂದು ಸಲ ನೋಡಬೇಕಾಗಿ ವಿನಂತಿ."

ಹನ್ನೆರಡು ದಿನ ಏನೂ ಬರಲಿಲ್ಲ. ತಿಂಗಳು ತುಂಬಿ ತಿಮ್ಮರಾಜು ಕೆಲಸಕ್ಕೆ ಮರಳಿದ. ಹೊಸ ಕಣ್ಣಲ್ಲಿ ಮೊದಲ ಲಾರಿಯನ್ನು ನೋಡಿ ಹೇಳಿದ ಅಂಕಿಗೂ ಪೆಟ್ಟಿಗೆಯ ಅಂಕಿಗೂ ಇಪ್ಪತ್ತು ಕೆ.ಜಿ. ವ್ಯತ್ಯಾಸ. ಚಿಕ್ಕಸ್ವಾಮಿ ಖುಷಿಯಿಂದ ಎಲ್ಲರಿಗೂ ಟೀ ಹೇಳಿದ.

ಕಾಗದ ಕಳಿಸಿದ ಹದಿಮೂರನೇ ದಿನ ಕಾಲೇಜಿನಿಂದ ರಂಜಿತಳ ಫೋನು ಬಂತು. ಅವಳ ಸ್ವರ ಎಂದಿನಂತಿರಲಿಲ್ಲ.

"ಮಾವ, ಉತ್ತರ ಬಂದಿದೆ! ಬೆಂಗಳೂರಿನ ವಿಜ್ಞಾನಿ ಒಬ್ಬರು, ಡಾಕ್ಟರ್ ಅನು ಅಂತ. ಕನ್ನಡದಲ್ಲೇ ಬರೆದಿದ್ದಾರೆ. ಓದ್ತೀನಿ, ಕೇಳಿ. 'ನೀವು ಐದು ಸಾಲಿನಲ್ಲಿ ಕೇಳಿದ ಪ್ರಶ್ನೆಯನ್ನೇ ನಾನು ನಲವತ್ತು ಪುಟ ಬರೆದು ಕೇಳಿದ್ದೆ. ನಿಮ್ಮ ಮೂರೂ ಗ್ಯಾಲಕ್ಸಿ ನಮ್ಮ ಪಟ್ಟಿಯಲ್ಲಿವೆ. ಸುತ್ತ ನೋಡಿ ಬಂದಿದ್ದೇವೆ, ಲೆಕ್ಕ ಮುಗಿಯುತ್ತಾ ಬಂದಿದೆ. ಮುಂದಿನ ತಿಂಗಳು ಆ ಕಡೆ ಬರುವವಳಿದ್ದೇನೆ. ನಿಮ್ಮ ವೇ ಬ್ರಿಜ್ಜು ನೋಡಬಹುದೇ?'"

ತಿಮ್ಮರಾಜು ಫೋನು ಕಿವಿಯಲ್ಲಿ ಇಟ್ಟುಕೊಂಡೇ ಕುರ್ಚಿಯಿಂದ ಎದ್ದ, ಮತ್ತೆ ಕೂತ. ಹಲಗೆಯ ಮೇಲೆ ನಿಂತಿದ್ದ ಟ್ರಾಕ್ಟರಿನ ಡ್ರೈವರು ಚಿಕ್ಕಯ್ಯ ಕೂಗಿದ: "ಏನ್ ತಿಮ್ಮಣ್ಣ, ಚೀಟಿ ಕೊಡ್ತೀಯೋ ಇಲ್ವೋ?"

"ತಡ್ಕೊಳ್ಳಲೇ. ನನ್ನ ಕಾಗದಕ್ಕೆ ಜವಾಬು ಬಂದದೆ!"

ಅನು ಬರುವ ದಿನ ಬೆಳಿಗ್ಗೆ ಚಿಕ್ಕಸ್ವಾಮಿ ಹಲಗೆ ತೊಳೆಸಿ, ಕೋಣೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ್ದ. ರಂಜಿತ ರಜೆ ಹಾಕಿ ಬಂದಿದ್ದಳು. ತಿಮ್ಮರಾಜು ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಶರಟು ಹಾಕಿಕೊಂಡು ಹೊಂಗೆಮರದ ಕೆಳಗೆ ನಿಂತಿದ್ದ. ವಿಷಯ ತಿಳಿದ ನಾಲ್ಕೈದು ಡ್ರೈವರುಗಳು ಗಾಡಿ ಬದಿಗೆ ಹಾಕಿ ಕಾದಿದ್ದರು.

ಹತ್ತು ಗಂಟೆಗೆ ಒಂದು ಚಿಕ್ಕ ಕಾರು ಬಂತು. ಓಡಿಸಿಕೊಂಡು ಬಂದವರು ನಲವತ್ತರ ಆಸುಪಾಸಿನ, ತಲೆಗೂದಲು ಗಿಡ್ಡವಾಗಿ ಕತ್ತರಿಸಿದ ಹೆಂಗಸು. ನಮಸ್ಕಾರ ಮಾಡುವ ಮೊದಲೇ ಅವರು ಕಾರನ್ನು ನೇರ ಹಲಗೆಯ ಮೇಲೆ ತಂದು ನಿಲ್ಲಿಸಿ, ಕೆಳಗಿಳಿದು ಕೇಳಿದರು: "ತಿಮ್ಮರಾಜು ಅವರು ಯಾರು? ನನ್ನ ಕಾರಿನ ತೂಕ ಹೇಳಿ ನೋಡೋಣ!"

ತಿಮ್ಮರಾಜು ಕಾರನ್ನು ಮೇಲಿಂದ ಕೆಳಗೆ ನೋಡಿದ. "ಸಾವ್ರದ ನೂರಿಪ್ಪತ್ತು ಮೇಡಮ್ಮೋರೆ."

ಒಳಗಿಂದ ಚಿಕ್ಕಸ್ವಾಮಿ ಅಳುಕುತ್ತಾ ಕೂಗಿದ: "ಸಾವಿರದ ಇನ್ನೂರೈವತ್ತು..."

ಡ್ರೈವರುಗಳು ಗೊಳ್ಳೆಂದರು. ಚಿಕ್ಕಯ್ಯ ಸಿಳ್ಳೆ ಹಾಕಿದ. ತಿಮ್ಮರಾಜುವಿನ ಕಿವಿ ಕೆಂಪಾಯಿತು. ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, ಎದ್ದು, ಡಿಕ್ಕಿಯ ಮೇಲೆ ಕೈಯಿಟ್ಟ.

"ಇದನ್ನ ಸ್ವಲ್ಪ ತೆಗೀರಿ."

ಅನು ನಗುತ್ತಾ ತೆಗೆದರು. ಒಳಗೆ ಒಂದು ದಪ್ಪ ದೂರದರ್ಶಕ, ಅದರ ಕಬ್ಬಿಣದ ಸ್ಟ್ಯಾಂಡು, ಸಮತೂಕಕ್ಕೆ ಅದಕ್ಕೆ ಸಿಕ್ಕಿಸುವ ಕಬ್ಬಿಣದ ಗುಂಡುಗಳು, ಒಂದು ಬ್ಯಾಟರಿ. ಮರುದಿನ ನಾಗಮಂಗಲದಲ್ಲಿ ಶಾಲಾ ಶಿಕ್ಷಕರಿಗೆ ಒಂದು ಶಿಬಿರ ಇತ್ತು. ಅಲ್ಲಿಗೆ ಒಯ್ಯುತ್ತಿದ್ದ ಸಾಮಾನು.

"ಬೇಕೂಂತಲೇ ಹೇಳಲಿಲ್ಲ," ಅಂದರು ಅನು. "ನೀವು ನಿಜವಾಗ್ಲೂ ಸುತ್ತ ಬಂದು ನೋಡ್ತೀರಾ ಅಂತ ನೋಡಬೇಕಿತ್ತು."

ಡ್ರೈವರುಗಳು ಈಗ ಚಪ್ಪಾಳೆ ತಟ್ಟಿದರು. ತಿಮ್ಮರಾಜುವಿಗೆ ಆ ಹೆಂಗಸಿನ ಮೇಲೆ ಒಂದೇ ಗಳಿಗೆಯಲ್ಲಿ ವಿಶ್ವಾಸ ಹುಟ್ಟಿತು.

ಕೋಣೆಯೊಳಗೆ ಎಲ್ಲರೂ ಒತ್ತಿಕೊಂಡು ಕೂತರು. ಅನು ಲ್ಯಾಪ್‌ಟಾಪ್ ತೆರೆದು ಅವನ ಮೊದಲ ಚುಕ್ಕೆಯನ್ನು ತೋರಿಸಿದರು. ಪಕ್ಕದಲ್ಲಿ ಏರಿಳಿಯುವ ಒಂದು ಗೆರೆ.

"ಬರೀ ಚಿತ್ರ ಸಾಕಾಗಲ್ಲ ಅಂತ, ಇದರ ಬೆಳಕನ್ನ ಕಾಮನಬಿಲ್ಲಿನ ಹಾಗೆ ಬಿಡಿಸಿ ನೋಡಿದ್ವಿ. ಇಲ್ಲಿ ನೋಡಿ, ಜಲಜನಕದ ಗೆರೆ. ಮಾಮೂಲಾಗಿ ಸೂಜಿಯ ಹಾಗೆ ಚೂಪಾಗಿರಬೇಕು. ಇದು ಅಗಲವಾಗಿ ಹರಡಿಕೊಂಡಿದೆ. ಅಂದ್ರೆ ಅಲ್ಲಿನ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾ ಇದೆ. ಅಷ್ಟು ರಭಸವಾಗಿ ಸುತ್ತಿಸೋಕೆ ನಡುವೆ ಒಂದು ದೊಡ್ಡ ಕಪ್ಪುಕುಳಿ, ಅದೇ ಬ್ಲ್ಯಾಕ್ ಹೋಲ್, ಇರಬೇಕು. ಅದರೊಳಗೆ ಬೀಳೋ ಅನಿಲ ಕಾದು ಉರಿದು ಬೆಳಕು ಕೊಡ್ತಿದೆ. ಆ ಬೆಳಕನ್ನೂ ನಾವು ನಕ್ಷತ್ರದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ವಿ."

"ಅಂದ್ರೆ..." ತಿಮ್ಮರಾಜುವಿನ ಬಾಯಿ ತೆರೆದೇ ಇತ್ತು.

"ಅಂದ್ರೆ ಲೋಡಿನ ಮೇಲೆ ಬೇರೆ ಯಾರೋ ಕೂತಿದ್ರು. ನೀವು ಹೇಳಿದ್ದು ಸರಿ. ನಕ್ಷತ್ರಗಳ ತೂಕ ಪಟ್ಟಿಯಲ್ಲಿ ಇದ್ದದ್ದರ ಹತ್ತನೇ ಒಂದು ಭಾಗಕ್ಕೆ ಇಳಿದಿದೆ."

ಚಿಕ್ಕಯ್ಯ ಬಾಗಿಲಿನಿಂದಲೇ ಹೊರಗಿದ್ದವರಿಗೆ ಕೂಗಿ ಹೇಳಿದ: "ತಿಮ್ಮಣ್ಣ ಗೆದ್ದ ಕಣ್ರಲಾ!"

ಎರಡನೆಯ ಚುಕ್ಕೆಯೂ ಹಾಗೆಯೇ ಆಗಿತ್ತು. ತಿಮ್ಮರಾಜು ಶರಟಿನ ಕಾಲರು ಸರಿಮಾಡಿಕೊಂಡು ಮೂರನೆಯದಕ್ಕೆ ಕಾದ.

"ಮೂರನೇದು," ಅನು ಮುಂದಿನ ಚಿತ್ರ ತೆರೆದರು, "ಇದರಲ್ಲಿ ನೀವು ಸೋತ್ರಿ. ನಾನೂ ಸೋತೆ. ಇದು ನಿಜವಾಗ್ಲೂ ಅಷ್ಟು ಭಾರ ಇದೆ."

"ಇನ್ನೊಂದ್ಸಲ ಸುತ್ತ ನೋಡ್ಬೇಕಿತ್ತು ಮೇಡಮ್ಮೋರೆ."

"ನಾಲ್ಕು ಸಲ ನೋಡಿದ್ವಿ. ಬೇರೆ ದೇಶದವರೂ ನೋಡಿದ್ರು. ಗೆರೆ ಅಗಲ ಇಲ್ಲ. ಕಪ್ಪುಕುಳಿಯ ಬೆಳಕಿನ ಸುಳಿವೇ ಇಲ್ಲ. ಪೂರ್ತಿ ನಕ್ಷತ್ರಗಳದ್ದೇ ಬೆಳಕು. ಇನ್ನೂ ವಿಚಿತ್ರ ಅಂದ್ರೆ, ಎಳೇ ನಕ್ಷತ್ರಗಳು ಇಲ್ಲವೇ ಇಲ್ಲ. ಹುಟ್ಟಬೇಕಾದವೆಲ್ಲ ಆಗಲೇ ಹುಟ್ಟಿ ಮುಗಿದು, ಹೊಸ ನಕ್ಷತ್ರ ಹುಟ್ಟೋದು ನಿಂತುಹೋಗಿದೆ. ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬೋದರೊಳಗೆ ಇದು ಬೆಳೆದು, ಕೆಲಸ ನಿಲ್ಲಿಸಿ ಕೂತಿದೆ."

ರಂಜಿತ ಮಾವನ ಮುಖ ನೋಡಿದಳು. ಅವಳಿಗೆ ಒಂದು ಕ್ಷಣ ಅಯ್ಯೋ ಅನಿಸಿತು. ಎರಡು ಗೆದ್ದ ಮೇಲೆ ಮೂರನೆಯದರಲ್ಲಿ ಸೋತದ್ದು ಮೊದಲೇ ಸೋತಿದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ತಿಮ್ಮರಾಜು ಆ ಕೆಂಪು ಚುಕ್ಕೆಯನ್ನು ಬಹಳ ಹೊತ್ತು ನೋಡಿದ. ಅವನ ಮೂವತ್ತಮೂರು ವರ್ಷದ ಕೆಲಸದಲ್ಲಿ, ಕಣ್ಣಿಗೂ ಅಂಕಿಗೂ ತಾಳೆಯಾಗದಿದ್ದಾಗಲೆಲ್ಲ ಎಲ್ಲೋ ಏನೋ ಅಡಗಿರುತ್ತಿತ್ತು: ಮಲಗಿದ ಹೆಂಗಸರು, ಒದ್ದೆಯಾದ ಟಾರ್ಪಾಲು, ಮರೆತುಬಿಟ್ಟ ಜಾಕು. ಏನೂ ಅಡಗಿಲ್ಲದೆ, ಸುಮ್ಮನೆ ಅಷ್ಟು ಭಾರ ಇರುವ ಒಂದು ಲೋಡನ್ನು ಅವನು ಇದೇ ಮೊದಲು ನೋಡುತ್ತಿದ್ದ.

"ಅಂಗಾರೆ," ಅಂದ ಕೊನೆಗೆ, "ಅಷ್ಟು ಬೇಗ ಎಂಗೆ ಬೆಳೀತು?"

ಅನು ಕುರ್ಚಿ ಹತ್ತಿರ ಎಳೆದುಕೊಂಡರು. ಅವರ ಮುಖ ಅರಳಿತು. ಈ ಪ್ರಶ್ನೆಗಾಗಿಯೇ ಅವರು ಇಷ್ಟು ದೂರ ಬಂದಂತಿತ್ತು. ಕಣ್ಣಿಗೆ ಕಾಣದ, ಆದರೆ ತೂಕ ಇರುವ ಒಂದು ವಸ್ತು ವಿಶ್ವದ ತುಂಬ ಇದೆ, ಅದು ಮೊದಲೇ ಅಲ್ಲಲ್ಲಿ ಗುಡ್ಡೆ ಕಟ್ಟಿತ್ತು. ಗುಡ್ಡೆ ದೊಡ್ಡದಿದ್ದ ಕಡೆಗೆ ಸುತ್ತಲಿನ ತಣ್ಣನೆಯ ಅನಿಲವೆಲ್ಲ ಎಳೆ ಎಳೆಯಾಗಿ ಹರಿದು ಬಂತು, ಎಂದರು. ನಮ್ಮ ಗ್ಯಾಲಕ್ಸಿಯಲ್ಲಿ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ನಕ್ಷತ್ರ ಹುಟ್ಟಿದರೆ, ಇಂಥ ಕಡೆ ವರ್ಷಕ್ಕೆ ನೂರಾರು ಹುಟ್ಟಿರಬೇಕು. ಅಕ್ಕಪಕ್ಕದ ಚಿಕ್ಕ ಗ್ಯಾಲಕ್ಸಿಗಳೂ ಬಂದು ಸೇರಿಕೊಂಡಿರಬೇಕು.

"ಅಷ್ಟು ಜೋರಾಗಿ ನಡೀತಿದ್ದದ್ದು ನಿಂತಿದ್ದು ಯಾಕೆ?" ಕೇಳಿದ ತಿಮ್ಮರಾಜು.

"ಗೊತ್ತಿಲ್ಲ."

"ಗೊತ್ತಿಲ್ವಾ?"

"ನಡುವಿನ ಕಪ್ಪುಕುಳಿ ಒಂದು ಕಾಲದಲ್ಲಿ ಉರಿದು, ಅನಿಲವನ್ನೆಲ್ಲ ಆಚೆ ತಳ್ಳಿ, ಈಗ ತಣ್ಣಗಾಗಿರಬಹುದು ಅಂತ ಅನುಮಾನ. ಆದ್ರೆ ನಿಜವಾಗ್ಲೂ ಗೊತ್ತಿಲ್ಲ."

ತಿಮ್ಮರಾಜುವಿಗೆ ನಗು ಬಂತು. ಹೊಟ್ಟೆಯೊಳಗಿಂದ ಎದ್ದ ನಗು. ಇಷ್ಟು ಓದಿದ ಹೆಂಗಸು, ಇಷ್ಟು ಜನ ಡ್ರೈವರುಗಳ ಮುಂದೆ, ಒಂಚೂರೂ ನಾಚಿಕೆಯಿಲ್ಲದೆ ಗೊತ್ತಿಲ್ಲ ಅಂದದ್ದು ಅವನಿಗೆ ಯಾಕೋ ಬಹಳ ಹಿಡಿಸಿತು.

ಊಟಕ್ಕೆ ಸಿಂಧಘಟ್ಟಕ್ಕೆ ಹೋದರು. ಮಾಯಮ್ಮ ರಾಗಿಮುದ್ದೆ, ಅವರೆಕಾಳು ಸಾರು, ಕಜ್ಜಾಯ ಮಾಡಿದ್ದಳು. ಅನು ಮುದ್ದೆಯನ್ನು ಅಗಿಯದೆ ನುಂಗುವುದನ್ನು ನೋಡಿ, "ನಮ್ಮೋರೇ ಕಣವ್ವ" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಬೆಳಿಗ್ಗೆ ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಇನ್ನೊಂದು ಸೌಟು ಸಾರು ಬಡಿಸುತ್ತಾ ಕೇಳಿದಳು: "ಆ ಮೂರನೇದು ಈಗೆಂಗದೆ ತಾಯಿ?"

ಅನು ತುತ್ತು ಕೈಯಲ್ಲೇ ಹಿಡಿದರು. "ಈಗಿನದ್ದು ನಮಗೆ ಕಾಣೋದೇ ಇಲ್ಲ ಅಮ್ಮ. ಬಹುಶಃ ಸುತ್ತಲಿನ ಗ್ಯಾಲಕ್ಸಿಗಳನ್ನೆಲ್ಲ ಒಳಗೆ ಹಾಕ್ಕೊಂಡು, ತುಂಬ ದೊಡ್ಡದಾಗಿ, ದುಂಡಗೆ ಕೂತಿರಬಹುದು."

"ಅಂದ್ರೆ ಈಗ ಅಜ್ಜಿ ಆಗಿರೋಳು ಕೂಸಾಗಿದ್ದಾಗಿನ ಪೋಟೋ ಇಡ್ಕೊಂಡು, ಇವ್ಳು ಇಷ್ಟು ತೂಗ್ತಿದ್ಲೋ ಇಲ್ವೋ ಅಂತ ನೀವಿಬ್ರೂ ಜಗಳ ಆಡ್ತಾ ಇದ್ದೀರಿ."

ಅನು ನಗು ತಡೆಯಲಾರದೆ ನೀರು ಕುಡಿದರು. ಹೊರಡುವ ಮೊದಲು ತಿಮ್ಮರಾಜುವನ್ನು ಕೇಳಿದರು: "ನಾಳೆ ನಾಗಮಂಗಲದ ಶಿಬಿರಕ್ಕೆ ಬರ್ತೀರಾ? ಹತ್ತು ನಿಮಿಷ ಮಾತಾಡಿ. ನನಗಿಂತ ನಿಮ್ಮ ಮಾತು ಅವರಿಗೆ ಚೆನ್ನಾಗಿ ನಾಟುತ್ತೆ."

"ಮೇಷ್ಟ್ರುಗಳಿಗೆ ನಾನು ಪಾಠ ಏಳದಾ?" ತಿಮ್ಮರಾಜು ಕೈ ಆಡಿಸಿದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಆದರೆ ಮಾಯಮ್ಮ ಅಷ್ಟರಲ್ಲಾಗಲೇ ಇನ್ನೊಂದು ಬಿಳಿ ಶರಟು ಹುಡುಕಲು ಒಳಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಅವನು ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋದ. ಶಾಲೆಯ ಅಂಗಳದಲ್ಲಿ ಅನು ದೂರದರ್ಶಕ ನಿಲ್ಲಿಸಿ, ಅದರ ಬಾಯಿಗೆ ಬಿಸಿಲು ಸೋಸುವ ಕಪ್ಪು ಹಾಳೆಯ ಮುಚ್ಚಳ ಹಾಕಿ, ಸೂರ್ಯನ ಕಲೆಗಳನ್ನು ಶಿಕ್ಷಕರಿಗೆ ತೋರಿಸುತ್ತಿದ್ದರು. ತಿಮ್ಮರಾಜುವೂ ಸಾಲಿನಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಅರವತ್ತು ಜನ ಮೇಷ್ಟ್ರುಗಳ ಮುಂದೆ ಅವನನ್ನು ನಿಲ್ಲಿಸಿದರು. ಮೊದಲ ಎರಡು ನಿಮಿಷ ಹೆಸರು, ಊರು ಹೇಳುವುದರಲ್ಲೇ ಹೋಯಿತು. ಹೆಂಗಸರು ಮಲಗಿದ್ದ ಟ್ರೈಲರಿನ ಕಥೆಯಿಂದ ಶುರುಮಾಡಿದ ಮೇಲೆ ಗಾಡಿ ತಾನೇ ಉರುಳಿತು. ಹತ್ತು ನಿಮಿಷ ಅಂದದ್ದು ಮುಕ್ಕಾಲು ಗಂಟೆಯಾಯಿತು.

ಕೊನೆಯಲ್ಲಿ ಮಂಜುನಾಥ ಅನ್ನುವ ಮೇಷ್ಟ್ರು ಎದ್ದು ನಿಂತರು. "ಮೂರರಲ್ಲಿ ಒಂದು ನೀವು ಹೇಳಿದ ಹಾಗೆ ಆಗಲಿಲ್ಲವಲ್ಲ, ಬೇಜಾರಾಗಲಿಲ್ಲವೇ?"

ತಿಮ್ಮರಾಜು ಯೋಚಿಸಿದ. "ಆಯ್ತು ಸ್ವಾಮಿ, ಯಾಕಾಗಕಿಲ್ಲ? ಊಟ ಮಾಡುವಾಗ್ಲೂ ಅದೇ ತಲೇಲಿತ್ತು. ಮೊದಲ್ನೇ ಎರಡು ನಾನಂದಂಗೇ ಆಯ್ತು, ಸರಿ ಅಂತ ಮರ್ತುಬುಟ್ಟೆ. ಈ ಮೂರನೇದನ್ನ ಮರೆಯಕ್ಕೆ ಆಯ್ತಾ ಇಲ್ಲ. ಬಸ್ಸಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದೋರಿಗೂ ಅದನ್ನೇ ಏಳ್ತಿದ್ದೆ. ಪಾಪ, ಅವ್ರು ಬಿಂಡಿಗನವಿಲೆಗೆ ಓಗ್ಬೇಕಾದೋರು, ಕೇಳ್ತಾ ಕೇಳ್ತಾ ಇಳಿಯದೇ ಮರ್ತುಬುಟ್ರು."

ಅರವತ್ತು ಜನ ಮೇಷ್ಟ್ರುಗಳು ನಕ್ಕ ಸದ್ದಿಗೆ ಅಂಗಳದ ಪಾರಿವಾಳಗಳು ಹಾರಿದವು.

ಇದಾಗಿ ಏಳೆಂಟು ತಿಂಗಳು ಕಳೆದಿದೆ. ತಿಮ್ಮರಾಜು ಈಗಲೂ ಚಿಕ್ಕಸ್ವಾಮಿಯ ಬ್ರಿಜ್ಜಿನಲ್ಲೇ ಇದ್ದಾನೆ. ಕಬ್ಬಿನ ಕಟಾವು ಜೋರಿದ್ದಾಗ ಪುರುಸೊತ್ತಿಲ್ಲ. ಗಾಡಿ ಕಡಿಮೆಯಾದ ಮಧ್ಯಾಹ್ನಗಳಲ್ಲಿ ಕೋಣೆಯಲ್ಲಿ ಕೂತು, ರಂಜಿತ ತೆಗೆಸಿಕೊಟ್ಟ ದೊಡ್ಡ ಪರದೆಯ ಫೋನಿನಲ್ಲಿ ಗ್ಯಾಲಕ್ಸಿ ನೋಡುತ್ತಾನೆ. ಹನ್ನೊಂದು ಸಾವಿರ ದಾಟಿದೆ. ತಿಂಗಳಿಗೊಮ್ಮೆ ಅನು ಫೋನು ಮಾಡುತ್ತಾರೆ. ಬೇರೆ ತಂಡದವರು ಇನ್ನೂ ಹಳೆಯ, ಇನ್ನೂ ಭಾರದ ಒಂದನ್ನು ಕಂಡಿದ್ದಾರಂತೆ. ಅದರ ಬೆಳಕನ್ನು ಬಿಡಿಸಿ ನೋಡುವ ಸರದಿಗೆ ಕಾಯುತ್ತಿದ್ದಾರಂತೆ. ಈ ಸಲ ತಿಮ್ಮರಾಜು ಸುಳ್ಳು ಅನ್ನಲಿಲ್ಲ. ನಿಜ ಅಂತಲೂ ಅನ್ನಲಿಲ್ಲ. "ನೋಡ್ಕೊಂಡು ಏಳಿ ಮೇಡಮ್ಮೋರೆ, ಕಾಯ್ತಿರ್ತೀನಿ" ಅಂದ.

ಮೊನ್ನೆ ಭಾನುವಾರ ನಡುಮನೆಯಲ್ಲಿ ಮಾವನಿಗೂ ಸೊಸೆಗೂ ಒಂದು ಚಿತ್ರದ ಮೇಲೆ ಜಟಾಪಟಿ ಬಿತ್ತು. ರಂಜಿತ ಒಂದೇ ಗ್ಯಾಲಕ್ಸಿ ಅಂದಳು. ತಿಮ್ಮರಾಜು ಎರಡು, ಒಂದರ ಹಿಂದೆ ಒಂದು ನಿಂತಿವೆ ಅಂದ. ಹಾಲು ಕರೆದು ಬಂದ ಶಿವಶಂಕರ್‌ನನ್ನು ತೀರ್ಪಿಗೆ ಕರೆದರು. ಅವನು ಕೈ ಒರೆಸಿಕೊಂಡು ಬಗ್ಗಿ ನೋಡಿ, ತಲೆ ಕೆರೆದುಕೊಂಡು, "ಮೂರು ಇದ್ದಂಗದಲ್ಲಪ್ಪ?" ಅಂದ.

ಮೂವರೂ ಪರದೆಯ ಹತ್ತಿರ ಇನ್ನಷ್ಟು ಬಗ್ಗಿದರು.